ಮಜ್ಜಿಗೆಯ ಪೆಟ್ಟಿಗೆಯಲ್ಲಿ ಚನ್ನಬಸಪ್ಪನ ಸಿಗಾರುಗಳು

ಯಾವ ಮಾತನ್ನೇ ಆಗಲಿ, ನಾಲ್ಕು ಜನ ಒಂದೇ ಬಗೆಯಲ್ಲಿ ಹೇಳತೊಡಗಿದರೆ ನನಗೆ ಸಂಶಯ ಹುಟ್ಟುತ್ತದೆ. ನಾಲ್ವರೂ ಕಂಡು ಹೇಳುತ್ತಿರಲಾರರು; ಒಬ್ಬ ಹೇಳಿದ್ದನ್ನು ಉಳಿದ ಮೂವರು ಕೇಳಿರಬೇಕು. ಆ ಒಬ್ಬನಾದರೂ ಕಂಡಿದ್ದನೇ ಎಂಬುದಕ್ಕೆ ಸಾಕ್ಷಿ ಏನು? ಏಳನೆಯ ಇಯತ್ತೆಗೇ ಸಾಲೆ ಬಿಟ್ಟವನಿಗೆ ಇಷ್ಟೊಂದು ಅನುಮಾನ ಸಲ್ಲದೆಂದು ಓದಿದವರು ಹೇಳುತ್ತಾರೆ. ಸಾಲೆಯಲ್ಲಿ ಕಲಿತವರಿಗೆ ನಂಬಲು ಗುರುಗಳಿರುತ್ತಾರೆ. ತಾನಾಗಿ ಕಲಿತವನು ಪ್ರತಿಯೊಂದನ್ನೂ ಮಡಕೆಯಂತೆ ಬಾರಿಸಿ ನೋಡಿಯೇ ಮನೆಯೊಳಗೆ ತರಬೇಕಾಗುತ್ತದೆ. ಧಾರವಾಡದ ಮಳೆ ಉಣಕಲ್ ದಾಟಿ ಹುಬ್ಬಳ್ಳಿಗೆ ಹೋಗುವುದಿಲ್ಲವೆಂಬ ಮಾತನ್ನು ಪರೀಕ್ಷಿಸಲು ನಾನೊಮ್ಮೆ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿಕೊಂಡೇ ಪ್ರಯಾಣ ಮಾಡಿದವನು. ಕಂಡಕ್ಟರ್ ಬೈದ. ತೋಳು ನವನಗರದಲ್ಲಿ ಒಣಗಿತು, ಉಣಕಲ್ ದಾಟಿದ ಮೇಲೆ ಮತ್ತೆ ತೊಯ್ದಿತು. ಈ ಶೋಧವನ್ನು ಇಂದಿಗೂ ಯಾರೂ ಒಪ್ಪಿಲ್ಲ. ಅಂದು ಹಿಡಿದ ನೆಗಡಿಯನ್ನು ಮಾತ್ರ ಎಲ್ಲರೂ ಒಪ್ಪಿಕೊಂಡರು.

ಇಂಥವನ ಕೈಗೆ ಗೆಳೆಯ ಚನ್ನಬಸಪ್ಪ ಒಂದು ಪೆಟ್ಟಿಗೆ ಸಿಗಾರುಗಳನ್ನು ಒಪ್ಪಿಸಿ ಹೋದ. ಅವನು ಹುಬ್ಬಳ್ಳಿಯ ಹತ್ತಿ ವ್ಯಾಪಾರಿ, ಮನೆ ಕಮರಿಪೇಟೆಯಲ್ಲಿ. ನಾನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದಾಗ, ಯಂತ್ರಗಳ ಎಣ್ಣೆ ಒರೆಸುವ ಹತ್ತಿಯ ಚಿಂದಿ ಅವನ ಅಂಗಡಿಯಿಂದಲೇ ಬರುತ್ತಿತ್ತು. ಚಿಂದಿಯಲ್ಲಿ ಹತ್ತಿಕಾಳು ಬಂತೆಂದು ಜಗಳವಾಡಲು ಹೋದವನು ಚಹಾ ಕುಡಿದು ಬಂದೆ, ಅಂದಿನಿಂದ ಗೆಳೆತನ. ಹೊರನಾಡಿನ ಗಿರಣಿಯವರೊಬ್ಬರು ಅವನಿಗೆ ಪ್ರೀತಿಯಿಂದ ಕೊಟ್ಟ ಪೆಟ್ಟಿಗೆ ಅದು.

"ಇದನ್ನ ನಿನ್ನ ಮನ್ಯಾಗ ಇಟಗೋ ಮಾರಾಯಾ. ನಮ್ಮವ್ವಗ ಕಣ್ಣು ಮಂಜಾಗ್ಯಾವ ಖರೆ, ಮೂಗು ಮಾತ್ರ ಇನ್ನೂ ಹರೇದಾಗ ಐತಿ," ಎಂದ.

"ನೀ ಯಾವಾಗಿಂದ ಸೇದಾಕ ಸುರು ಮಾಡಿದಿಪಾ?"

"ಇನ್ನೂ ಮಾಡಿಲ್ಲೋ. ದೀಪಾವಳಿ ಪಾಡ್ಯಾದ ದಿನಾ ಮಗಳನ್ನ ಗಾದಿ ಮ್ಯಾಲೆ ಕುಂಡರಿಸಿ ಅಂಗಡಿ ಕೀಲಿ ಕೊಡಾಂವ ಅದೇನಿ. ಆ ಸಂಜಿಗೆ ನಾವಿಬ್ರೂ ಒಂದೊಂದು ಹಚ್ಚೂಣು. ಮೀಸಿ ಮೂಡೂಕಿಂತ ಮೊದಲ ಹತ್ತಿ ನಡುವ ಕುಂತಾಂವ ನಾ. ಒಂದು ಕಡ್ಡಿ ಗೀರಿಲ್ಲ ನೋಡು."

ಅದು ನಿಜ. ಹತ್ತಿಯ ಅಂಗಡಿಯಲ್ಲಿ ಬೆಂಕಿಪೊಟ್ಟಣಕ್ಕೆ ಪ್ರವೇಶವಿಲ್ಲ. ದೇವರಿಗೆ ಹಚ್ಚುವ ಊದಿನಕಡ್ಡಿಯನ್ನೂ ಆಳೊಬ್ಬ ಹೊರಗಿನ ಕಟ್ಟೆಯ ಮೇಲೆ ಹಚ್ಚಿ, ಅಲ್ಲಿಯೇ ಬೆಳಗಿ, ಅಲ್ಲಿಯೇ ಆರಿಸಿ ಬರುತ್ತಾನೆ. ಕಿಡಿಗೆ ಹೆದರಿಯೇ ಆಯುಷ್ಯ ಕಳೆದ ಮನುಷ್ಯ, ಒಂದೇ ಒಂದು ಸಂಜೆ ನಿರ್ಭಯವಾಗಿ ಬೆಂಕಿ ಹಚ್ಚಬೇಕೆಂದು ಆಸೆಪಟ್ಟರೆ ಅದನ್ನು ಚಟವೆಂದು ಹೇಗೆ ಕರೆಯಲಿ? ನಾನು ಬೀಡಿಯನ್ನೂ ಮುಟ್ಟಿದವನಲ್ಲ. ಆದರೂ ಪಾಡ್ಯದವರೆಗೆ ಅವುಗಳನ್ನು ಕಾಪಾಡುವ ಹೊಣೆ ಹೊತ್ತೆ.

ಎಲೆಯ ಸುರುಳಿ ಒಣಗಿದರೆ ಪುಡಿಯಾಗುತ್ತದೆ, ತೊಯ್ದರೆ ಬೂಸಲು ಹಿಡಿಯುತ್ತದೆ ಎಂಬಷ್ಟನ್ನು ವೀಳ್ಯದೆಲೆಯನ್ನು ಬಲ್ಲ ಯಾರೂ ಊಹಿಸಬಹುದು. ಮುಂದಿನದನ್ನು ತಂಗಿಯ ಮಗ ಮಂಜು ಮೊಬೈಲಿನಲ್ಲಿ ತೋರಿಸಿದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ಅವನು.

"ಮಾಮಾ, ಇದಕ್ಕ ಸೀಡರ್ ಕಟಿಗಿ ಪೆಟ್ಟಿಗೀನ ಬೇಕಂತ. ಎಲ್ಲಾರೂ ಹಂಗ ಹೇಳತಾರ."

"ಎಲ್ಲಾರೂ ಅಂದ್ರ ಯಾರು?"

"ವಿಡಿಯೋ ಮಾಡಿದವರು."

"ಅವರು ಹೊಟ್ಟಿಗೆ ಏನ್ ಮಾರತಾರ?"

ಮಂಜು ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿ ನೋಡಿದ. "ಸೀಡರ್ ಪೆಟ್ಟಿಗಿ," ಎಂದ.

ಬೇಕಾದದ್ದು ಕದಲದ ಗಾಳಿ ಮತ್ತು ಏರಿಳಿಯದ ತೇವ. ಅವೆರಡಕ್ಕೂ ಮರದ ಜಾತಿಗೂ ಏನು ಸಂಬಂಧ? ನಮ್ಮ ಅಟ್ಟದ ಮೇಲೆ ಒಂದು ನೀಲಿ ಪಿಕ್‌ನಿಕ್ ಪೆಟ್ಟಿಗೆಯಿತ್ತು. ಎಳ್ಳಮಾವಾಸ್ಯೆಗೆ ನನ್ನ ಹೆಂಡತಿ ನೀಲವ್ವನ ತವರಿನ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ, ಭೂಮಿತಾಯಿಗೆ ಎಡೆ ಹಿಡಿದ ಮೇಲೆ ನಮ್ಮ ಊಟಕ್ಕೆ ಬೇಕಾದ ಮೊಸರು, ಮಜ್ಜಿಗೆ ತಂಪಾಗಿರಲೆಂದು ಕೊಂಡದ್ದು. ಅದನ್ನು ಇಳಿಸಿ, ಹಳೆಯ ಮಜ್ಜಿಗೆಯ ನಾತ ಹೋಗುವವರೆಗೆ ಸೀಗೆಪುಡಿಯಿಂದ ತಿಕ್ಕಿ, ಮಾಳಿಗೆಯ ಬಿಸಿಲಿಗೆ ಬಾಯಿ ತೆರೆದಿಟ್ಟೆ. ನೀರು ಹರಿಯುವ ತೂತನ್ನು ಮೇಣದಿಂದ ಮುಚ್ಚಿದೆ. ಸಿಗಾರುಗಳನ್ನು ಅದರಲ್ಲಿ ಜೋಡಿಸಿ, ತೇವಕ್ಕಾಗಿ ಒಡೆದ ಹೂಜಿಯ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಮೂಲೆಯಲ್ಲಿರಿಸಿದೆ. ತೇವ ಅಳೆಯುವ ಮಾಪಕವನ್ನೂ ಕೊಂಡೆ. ಆದರೆ ಅದು ಹೇಳಿದ್ದನ್ನು ನಂಬುವುದೆಂತು? ಒದ್ದೆ ಉಪ್ಪಿನೊಡನೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಾಪಕ ಎಪ್ಪತ್ತೈದು ತೋರಿಸಬೇಕೆಂದು ಹಳೆಯ ಪುಸ್ತಕವೊಂದರಲ್ಲಿ ಓದಿದ್ದೆ. ಅರವತ್ತೊಂಬತ್ತು ತೋರಿಸಿತು. ಮಗನ ಸಂಬಳದ ಬಗ್ಗೆ ತಂದೆ ಹೇಳುವುದರಲ್ಲಿ ನಾವು ಒಂದಿಷ್ಟು ಕಳೆದುಕೊಳ್ಳುವಂತೆ, ಇದು ಹೇಳುವುದಕ್ಕೆ ಆರು ಕೂಡಿಸಿಕೊಂಡರಾಯಿತು ಎಂದು ನಿರ್ಧರಿಸಿದೆ. ದಿನವೂ ಮುಂಜಾನೆ ಮುಚ್ಚಳ ತೆರೆದು, ಮಾಪಕ ನೋಡಿ, ಒಮ್ಮೆ ಮೂಸಿ ಮುಚ್ಚುವುದು ನನ್ನ ನೇಮವಾಯಿತು.

"ನನ್ನ ಲಿಂಗಪೂಜಿ ಮುಗಿಯೂದರಾಗ ನಿಮ್ಮದೂ ಮುಗೀತೇನ್ರಿ? ಕಾಯಿ ಒಡದ್ರಿ?" ಎಂದು ನೀಲವ್ವ ಕೇಳುತ್ತಿದ್ದಳು. ಅವಳು ಹಾಕಿದ ಕಟ್ಟಳೆ ಒಂದೇ: ಪೆಟ್ಟಿಗೆ ಮನೆಯಲ್ಲಿರಬಹುದು, ಹೊಗೆ ಮನೆಯೊಳಗೆ ಬರಕೂಡದು.

ಹೀಗಿರುವಾಗ ಬೇಸಿಗೆ ಬಂತು. ನಮ್ಮ ಕಡೆ ಬೇಸಿಗೆಯೆಂದರೆ ವರ್ಷಕ್ಕಾಗುವಷ್ಟು ಮಸಾಲೆಖಾರ ಕುಟ್ಟಿಸುವ ಕಾಲ. ನನ್ನ ಹೊಟ್ಟೆಯ ಉರಿಯ ದೆಸೆಯಿಂದ ನೀಲವ್ವ ಈ ಸಲ ಬೇರೆ ಕಾಯಿಯನ್ನೆಲ್ಲ ಬಿಟ್ಟು, ಮಸಾಲೆಯೊಡನೆ ಬರೀ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿದ್ದಳು. ನಾನು ಆಗ ಗದುಗಿನ ಮದುವೆಯೊಂದಕ್ಕೆ ಹೋಗಿದ್ದೆ. ಖಾರ ಮನೆಗೆ ಬಂದ ದಿನವೇ ಅಡ್ಡಮಳೆ ಸುರಿಯಿತು. ಖಾರದ ಭರಣಿ ನೋಡಿದರೆ ಸೀಳಿತ್ತು. ಗಾಳಿಯಾಡದ ಪೆಟ್ಟಿಗೆ ಈ ಮನೆಯಲ್ಲಿ ಒಂದೇ ಇದೆಯೆಂದು ದಿನವೂ ಅವಳ ಮುಂದೆ ಹೊಗಳಿದವನು ನಾನೇ. ಖಾರದ ಅರಿವೆಗಂಟು ನೀಲಿ ಪೆಟ್ಟಿಗೆ ಸೇರಿತು.

ಊರಿಂದ ಬಂದವನು ಚಪ್ಪಲಿ ಬಿಟ್ಟು ನೇರವಾಗಿ ಮುಚ್ಚಳ ತೆರೆದೆ. ಮೊದಲು ಸೀನು ಬಂತು, ಆಮೇಲೆ ಅರ್ಥವಾಯಿತು. ಕೊತ್ತಂಬರಿ, ಲವಂಗ, ಬಳ್ಳೊಳ್ಳಿ, ಒಣಕೊಬ್ಬರಿ ಎಲ್ಲವೂ ಚನ್ನಬಸಪ್ಪನ ಸಿಗಾರುಗಳನ್ನು ಅಪ್ಪಿಕೊಂಡು ಮಲಗಿದ್ದವು.

"ಎಂಥಾ ಕೆಲಸಾ ಮಾಡಿದಿ ನೀಲವ್ವಾ! ಮಂದಿ ನಂಬಿ ಇಟ್ಟ ವಸ್ತು!"

"ನಾ ಮಾಡಿದ್ದೇನ್ರಿ?" ಅವಳು ಗಂಟು ಬಿಚ್ಚಿ ತೋರಿಸಿದಳು. ಖಾರ ತೇವ ಕುಡಿದು ಉಂಡೆಯಾಗಿತ್ತು. "ವರ್ಷದ ಖಾರರೀ ಇದು! ನಿಮ್ಮ ಒದ್ದಿ ಹೂಜಿ ಚೂರು ಒಳಗ ಐತಂತ ಯಾರಿಗೆ ಗೊತ್ತಿತ್ತು? ನಿಮ್ಮ ಸುರುಳಿ ಕೆಟ್ರ ಹೊಗಿ ಹೋದೀತು, ನನ್ನ ಖಾರ ಕೆಟ್ರ ಉಣ್ಣೂದೇನು?"

ಯಾರ ನಷ್ಟ ದೊಡ್ಡದೆಂಬ ವಾದ ಚಹಾ ಎರಡು ಸಲ ಆರುವವರೆಗೆ ನಡೆಯಿತು. ಕೊನೆಗೆ ಖಾರ ಮಾಳಿಗೆಯ ಬಿಸಿಲಿಗೆ ಹೋಯಿತು, ಸಿಗಾರುಗಳು ಪಡಸಾಲೆಯ ನೆರಳಿಗೆ ಬಂದವು. ಆ ವರ್ಷದ ಝುಣಕದಲ್ಲಿ ನನಗೊಂದು ಹೊಸ ಪರಿಮಳ ಕಂಡುಬರುತ್ತಿತ್ತು. ಬಡಿಸುವಾಗ ನೀಲವ್ವ ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಆ ವಿಷಯವಾಗಿ ನಾನು ಯಾವ ಸಂಶಯವನ್ನೂ ಎತ್ತಲಿಲ್ಲ.

ಆದರೆ ಸಿಗಾರುಗಳು? ಎಷ್ಟು ಗಾಳಿಗಿಟ್ಟರೂ ಮಸಾಲೆ ಬಿಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಹಚ್ಚಿದ ಮೇಲೆ ಅವುಗಳ ಹೊಗೆ ಹೇಗಿರಬೇಕೆಂಬುದೇ ನನಗೆ ತಿಳಿಯದು. ಕೆಟ್ಟಿವೆಯೋ, ಒಳ್ಳೆಯವಾಗಿವೆಯೋ ಹೇಳುವುದಾದರೂ ಹೇಗೆ? ಚನ್ನಬಸಪ್ಪನಿಗೆ ಹೇಳಿಬಿಡೋಣವೆಂದು ಫೋನು ಮಾಡಿದಾಗಲೆಲ್ಲ ಅವನೇ ಮೊದಲು, "ನಮ್ಮ ಕೂಸುಗೋಳು ಆರಾಮ ಅದಾವೇನೋ?" ಎಂದು ಕೇಳುತ್ತಿದ್ದ. ಆರಾಮ ಇವೆ ಎನ್ನದೆ ಬೇರೆ ಗತಿಯಿರಲಿಲ್ಲ. ಅವನು ಒಂದು ಸಂಜೆಯನ್ನು ನನ್ನಲ್ಲಿ ಅಡವಿಟ್ಟಿದ್ದ. ಅದಕ್ಕೆ ಒಗ್ಗರಣೆ ಬಿದ್ದಿದೆಯೆಂದು ಹೇಳಲು ನಾಲಗೆ ಏಳಲಿಲ್ಲ.

ಪಾಡ್ಯ ಬಂತು. ಸಂಜೆ ಚನ್ನಬಸಪ್ಪ ಹೊಸ ಧೋತರ ಉಟ್ಟು, ಹಣೆಯ ವಿಭೂತಿ ಇನ್ನೂ ಮಾಸದೆ, ಧಾರವಾಡದ ಲಕಮನಹಳ್ಳಿಯ ನಮ್ಮ ಮನೆಗೆ ಬಂದ. ಹಿತ್ತಲ ಬೇವಿನ ಕಟ್ಟೆಯ ಮೇಲೆ ಕುಳಿತೆವು. ಕೂತವನು ಮತ್ತೆ ಮತ್ತೆ ಸೊಂಟದ ಬಲಗಡೆ ಕೈ ಒಯ್ಯುತ್ತಿದ್ದ, ಕೀಲಿಗೊಂಚಲು ಅಲ್ಲಿರಲಿಲ್ಲ. "ಕೊಟ್ಟೆ," ಎಂದಷ್ಟೇ ಹೇಳಿದ. ನಾನು ಪೆಟ್ಟಿಗೆ ತಂದಿಟ್ಟು, "ಚನ್ನಬಸಪ್ಪಾ, ಒಂದು ಮಾತು..." ಎಂದು ತೊಡಗುವಷ್ಟರಲ್ಲಿ ಅವನು ಒಂದನ್ನು ಎತ್ತಿ ಮೂಗಿಗೆ ಹಿಡಿದಿದ್ದ.

"ಎಂಥಾ ವಾಸನಿಯೋ! ನಮ್ಮವ್ವನ ಅಡಗಿಮನಿ ನೆನಪಾತು. ಅದಕ್ಕ ಸಾವುಕಾರ ಮಂದಿ ಇದಕ್ಕ ಹುಚ್ಚಾಗತಾರ ನೋಡು."

ನಾನು ಬೆಂಕಿಪೊಟ್ಟಣವನ್ನು ಅವನ ಮುಂದಿಟ್ಟೆ. ಅವನು ಕಡ್ಡಿ ಗೀರಿದ; ಮುರಿಯಿತು. ಇನ್ನೊಂದು ಗೀರಿದ, ಕಿಡಿ ಕಂಡೊಡನೆ ಬೆಚ್ಚಿ ತಾನೇ ಊದಿ ಆರಿಸಿಬಿಟ್ಟ. ಕೈ ಒಂದು ಆಯುಷ್ಯದ ರೂಢಿ ಬಿಡಲೊಲ್ಲದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

"ಕೊಡ್ರಿ ಅಣ್ಣಾರ ಇಲ್ಲೆ. ಒಲಿ ಹಚ್ಚೂ ಕೈಗೆ ಇದೇನು ದೊಡ್ಡದು?" ಎಂದು ಒಂದೇ ಗೀರಿಗೆ ಇಬ್ಬರ ಸಿಗಾರನ್ನೂ ಹಚ್ಚಿ, ಮೂಗು ಮುಚ್ಚಿಕೊಂಡು ಒಳಗೆ ನಡೆದಳು.

ಒಂದು ಜುರಿಕೆ ಎಳೆದು ಇಬ್ಬರೂ ಕೆಮ್ಮಿದೆವು. ಕೆಮ್ಮು ನಿಂತಿತು, ಚನ್ನಬಸಪ್ಪನ ಕಣ್ಣೀರು ನಿಲ್ಲಲಿಲ್ಲ. ಹುಬ್ಬಳ್ಳಿಯ ದಿಕ್ಕಿಗೆ ಮುಖ ಮಾಡಿ ಕುಳಿತವನು, ಬಲಗೈಯನ್ನು ಆ ಬರಿದಾದ ಸೊಂಟದ ಮೇಲೆಯೇ ಇಟ್ಟುಕೊಂಡಿದ್ದ.

"ಖಾರ ಐತಲ್ಲೋ?" ಎಂದ.

"ಖಾರ ಐತಿ," ಎಂದೆ.

ಅವನು ಹೋದ ಮೇಲೆ ಅಡುಗೆಮನೆಗೆ ಬಂದೆ. ಹಿತ್ತಲ ಮಾತನ್ನು ಕಿಟಕಿಯಿಂದ ಕೇಳಿಸಿಕೊಂಡಿದ್ದ ನೀಲವ್ವ ರೊಟ್ಟಿ ಬಡಿಯುತ್ತ ತಿರುಗಿ ನೋಡದೆಯೇ ಕೇಳಿದಳು: "ಬರೀ ಬ್ಯಾಡಗಿ ಕಾಯಿರೀ ಅದು. ಬಣ್ಣ ಅಷ್ಟ. ಕಣ್ಣಾಗ ನೀರು ಬರೂವಷ್ಟು ಖಾರ ಅದಕ್ಕ ಎಲ್ಲಿಂದ ಬರಬೇಕು? ದಿನಾ ಎಲ್ಲಾನೂ ಬಾರಿಸಿ ನೋಡಾವ್ರು ಇದನ್ನ ಹೆಂಗ ನಂಬಿದ್ರಿ?"

"ಮಂದಿ ಖಾರ ಅಂತ ಹೇಳಾಕತ್ತಾರ. ಖರೇನ ಇರಬೇಕು."

"ಎಲ್ಲೈತ್ರಿ ಮಂದಿ? ಇದ್ದವರು ಇಬ್ಬರು."

"ಇಬ್ಬರು ಸಾಕು," ಎಂದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡೆ.