ಶುಕ್ರವಾರದ ಜನಮತ

ಚೌಕಾಸಿಯಲ್ಲಿ ಬೆಲೆಗಿಂತ ಹೊತ್ತು ಮುಖ್ಯ. ಅಂಗಡಿಯವನು ಬಾಗಿಲು ಎಳೆಯುವಾಗ ಹೋಗಿ ಕೇಳಿ, ಕಂಬಳಿಯ ಜೊತೆ ದಿಂಬನ್ನೂ ಕೊಟ್ಟು ಕಳಿಸುತ್ತಾನೆ. ಸೌದಿಯ ರಾಬಿಗ್‌ನ ರಿಫೈನರಿಗೆ ನಟ್ಟು ಬೋಲ್ಟು ಖರೀದಿಸುತ್ತ ನಾನು ಕಲಿತ ವಿದ್ಯೆ ಇದು, ಕೇಳದವರಿಗೂ ಹೇಳಿಕೊಡುತ್ತೇನೆ. ನಮ್ಮ ಇಂಜಿನಿಯರ್ ಸಾಹೇಬರು ಯುರೋಪಿನವರು. ಅವರ ದೇಶದಲ್ಲಿ ಯಾವುದೋ ಯುರೋಪ್ ಒಪ್ಪಂದಕ್ಕೆ ಜನಮತ ಕೇಳಬೇಕಂತೆ. ಯಾವಾಗ ಕೇಳುವುದೆಂದೇ ಪಕ್ಷಗಳ ಜಗ್ಗಾಟವಂತೆ. "ಜನರ ಹೊಟ್ಟೆ ತುಂಬಿದ ದಿನ ಇಡಿ ಸರ್, ಗೆದ್ದ ಹಾಗೆಯೇ" ಎಂದು ಪುಕ್ಕಟೆ ಸಲಹೆ ಕೊಟ್ಟೆ.

ಅಷ್ಟರಲ್ಲಿ ನಮ್ಮ ಮೆಸ್ಸಿಗೂ ಒಂದು ಒಪ್ಪಂದ ಬಂತು. ನಮ್ಮ ಒಲೆ ಆರಿಸಿ, ಪಕ್ಕದ ಕ್ಯಾಂಪಿನ ದೊಡ್ಡ ಅಡುಗೆಮನೆಗೆ ಸೇರಿಕೊಳ್ಳುವುದು. ತಂದವನು ಫೋರ್‌ಮನ್ ಪ್ರಕಾಶ. ಸೇರಿದರೆ ನಮ್ಮ ಅಡುಗೆಯ ಮೋನಾಕನಿಗೆ ಕೆಲಸವಿಲ್ಲ, ಕೆಲಸವಿಲ್ಲದೆ ಇಲ್ಲಿರುವ ಪರವಾನಗಿ ಇಕಾಮಾ ಇಲ್ಲ, ಉಳ್ಳಾಲಕ್ಕೆ ಮರಳಬೇಕು. "ಅಲ್ಲಿ ಎಂತ ಮಾಡುವುದು ಮಾರಾಯ್ರೆ? ಮನೆಯಲ್ಲಿ ನನಗೆ ನೆಂಟರ ಲೋಟದಲ್ಲಿ ಚಾ ಕೊಡ್ತಾರೆ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೈ ಎತ್ತಿ ತೀರ್ಮಾನಿಸುವುದು ಎಂದಾಯಿತು. ಪ್ರಕಾಶ ಸೋಮವಾರ ಎಂದ. ಅಂದು ಬರೀ ಬೇಳೆ ಸಾರು. ನಾನು ಶುಕ್ರವಾರಕ್ಕೆ ಎಳೆದೆ. ಅಂದು ಮೋನಾಕನ ತುಪ್ಪದನ್ನ, ಬಂಗುಡೆ ಪುಳಿಮುಂಚಿ. ಎರಡು ಚಹಾ ಮುಗಿಯುವಷ್ಟು ಎಳೆದಾಡಿದ ಮೇಲೆ ಅವನು ಸೋತ. "ಆಯ್ತು ಮಾರಾಯ, ಶುಕ್ರವಾರವೇ ಇರಲಿ. ಆದರೆ ಇಳಿಮಧ್ಯಾಹ್ನ ಅಸರ್ ನಮಾಜಿನ ಬಾಂಗಿನ ಹೊತ್ತಿಗೆ ಮೆಸ್ಸಿನ ಹಾಲ್‌ನಲ್ಲಿ ಇದ್ದವರದ್ದು ಮಾತ್ರ ಲೆಕ್ಕ." ತರಕಾರಿಯವನು ಕೊತ್ತಂಬರಿ ಬಿಟ್ಟುಕೊಡುವಂತೆ ನಾನು ಅದನ್ನು ಬಿಟ್ಟುಕೊಟ್ಟೆ.

ಆ ಶುಕ್ರವಾರದ ಊಟವನ್ನು ಹೇಗೆ ವರ್ಣಿಸಲಿ? ಜುಮ್ಮಾ ನಮಾಜು ಮುಗಿಸಿ ಬಂದವರೂ ನಮ್ಮಂಥವರೂ ಒಟ್ಟಿಗೆ ಕೂತು ಉಂಡೆವು. "ನಿಮ್ಮನ್ನು ಬಿಡುವುದುಂಟಾ ಮೋನಾಕ?" ಎಂದು ಒಬ್ಬೊಬ್ಬರೂ ಬೆರಳು ನೆಕ್ಕುತ್ತ ಹೇಳಿದರು. ಪ್ರಕಾಶನೂ ಅವನ ಇಬ್ಬರು ಗೆಳೆಯರೂ ಮಾತ್ರ "ಹೊಟ್ಟೆ ಸರಿ ಇಲ್ಲ" ಎಂದು ಮೊಸರು, ಖುಬ್ಬೂಸ್ ರೊಟ್ಟಿಯಲ್ಲಿ ಮುಗಿಸಿದರು. ಪಾಪ ಅಂದುಕೊಂಡೆ. ಬಾಂಗಿಗೆ ಇನ್ನೂ ಹೊತ್ತಿತ್ತು. ತುಪ್ಪದನ್ನ ಉಂಡವರೆಲ್ಲ ಸ್ವಲ್ಪ ಒರಗಿಕೊಳ್ಳಲು ಕೋಣೆಗೆ ಹೋದೆವು.

ನಾನು ಎದ್ದಾಗ ಕಿಟಕಿಯ ಬಿಸಿಲು ಕೆಂಪಾಗಿತ್ತು. ಹಾಲ್‌ನಲ್ಲಿ ಮೂರು ಕೈ ಎದ್ದು, ಒಪ್ಪಂದ ಪಾಸಾಗಿ, ಪ್ರಕಾಶ ಟೀವಿ ನೋಡುತ್ತಿದ್ದ. ಮೋನಾಕ ಪಾತ್ರೆ ತಿಕ್ಕುತ್ತಿದ್ದರು.

"ನಮ್ಮನ್ನು ಎಬ್ಬಿಸಬಾರದಿತ್ತಾ ಮೋನಾಕ?"

"ಬಾಗಿಲವರೆಗೆ ಬಂದಿದ್ದೆ. ನಾನು ಬಡಿಸಿದ್ದನ್ನೇ ಉಂಡು ಅಷ್ಟು ಚಂದ ಮಲಗಿದ್ದಿರಿ. ಮನಸ್ಸು ಬರಲಿಲ್ಲ. ಪರದೆ ಎಳೆದು ಬಂದೆ."

ಅವರು ಊರಿಗೆ ಹೋದರು. ಈಗ ಪಕ್ಕದ ಕ್ಯಾಂಪಿನಿಂದ ಡಬ್ಬಿಗಳಲ್ಲಿ ಊಟ ಬರುತ್ತದೆ. ಪ್ರಕಾಶನೂ ಅರ್ಧ ಬಿಡುತ್ತಾನೆ. ಶುಕ್ರವಾರ ಮಧ್ಯಾಹ್ನ ಯಾರಿಗೂ ನಿದ್ರೆ ಹತ್ತುವುದಿಲ್ಲ. ಬಾಂಗಿನ ಹೊತ್ತಿಗೆ ನಾವೆಲ್ಲ ಹಾಲ್‌ನಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರುತ್ತೇವೆ. ಈಗ ಯಾರಾದರೂ ಜನಮತ ಕೇಳಲಿ, ಮೊದಲ ಕೈ ನನ್ನದೇ.