ಪಕ್ಕದ ಕೋಣೆಗೊಂದು ರೆಕಾರ್ಡಿಂಗ್

ನಾನು ಕಳಿಸಿದ ಮೊದಲ ಸ್ಕ್ರೀನ್ ರೆಕಾರ್ಡಿಂಗಿನಲ್ಲಿ ಪುಟದ ತಪ್ಪುಗಳೆಲ್ಲ ಸೊಗಸಾಗಿ ಕಾಣಿಸಿದವು. ಪಕ್ಕದಲ್ಲೇ, ಮುಚ್ಚಲು ಮರೆತಿದ್ದ ಇನ್ನೊಂದು ಕಿಟಕಿಯಲ್ಲಿ, ನಾನು ಅಂತರ್ಜಾಲಕ್ಕೆ ಕೇಳಿದ್ದ ಪ್ರಶ್ನೆಯೂ ಅಷ್ಟೇ ಸೊಗಸಾಗಿ ಕಾಣಿಸಿತು: "ಸಿಟ್ಟಾದ ಹೆಂಡತಿಯನ್ನು ಮಾತಾಡಿಸುವುದು ಹೇಗೆ?"

ನೋಡಿದವಳು ಹೆಂಡತಿಯೇ.

"ಉತ್ತರ ಸಿಕ್ತಾ?" ಎಂದು ಪಕ್ಕದ ಕೋಣೆಯಿಂದ ದನಿ ಬಂತು. (ಹಾಗೆ ನೋಡಿದರೆ, ಮಾತಾಡಿಸಿದ್ದಂತೂ ಆಯಿತು.)

ನಮ್ಮದು ಒಂದೇ ಸೂರಿನ ಕೈಗಾರಿಕೆ. ಅವಳು ಪುಸ್ತಕಗಳ ಪುಟವಿನ್ಯಾಸ ಮಾಡುತ್ತಾಳೆ, ನಾನು ಕರಡು ತಿದ್ದುತ್ತೇನೆ. ಅವಳ ಹೆಗಲ ಹಿಂದೆ ನಿಂತು "ಇಲ್ಲೊಂದು ಅಲ್ಪವಿರಾಮ" ಎಂದರೆ ಸಾಕು, ಅವಿರಾಮ ಯುದ್ಧ. ಈ ಸಲ ಅವಳು ಎದ್ದು ನಿಂತು ಹೇಳಿಬಿಟ್ಟಳು: "ಈ ಪುಸ್ತಕ ಮುಗೀಲಿ. ಆಮೇಲೆ ನೀವು ಬೇರೆಯವರ ಪುಟ ತಿದ್ದಿ, ನಾನು ಬೇರೆಯವರ ಹತ್ರ ತಿದ್ದಿಸ್ಕೋತೀನಿ." ಇಷ್ಟು ವರ್ಷಗಳಲ್ಲಿ ಅವಳ ಮಾತಿನಲ್ಲಿ ನನಗೊಂದೂ ತಪ್ಪು ಸಿಗದಿದ್ದದ್ದು ಅದೇ ಮೊದಲು. ಹೆದರಿದೆ.

ಎದುರು ನಿಂತರೆ ತಾನೆ ಜಗಳ? ಪರದೆಯನ್ನು ರೆಕಾರ್ಡ್ ಮಾಡಿ, ಬಾಣದಿಂದ ತಪ್ಪು ತೋರಿಸಿ, ನಯವಾಗಿ ವಿವರಿಸಿ ಗೋಡೆಯಾಚೆ ಕಳಿಸಿದರಾಯಿತು! ಸಾಫ್ಟ್‌ವೇರ್ ಸ್ವಯಂವರ ಶುರುವಾಯಿತು.

ಮೊದಲ ವರನ ಕಥೆ ಹೇಳಿದೆನಲ್ಲ. ಎರಡನೆಯದು ಪುಕ್ಕಟೆ. ಪುಟದ ನಟ್ಟನಡುವೆ ತನ್ನ ಹೆಸರು ಒತ್ತುತ್ತಿತ್ತು; ಐದು ನಿಮಿಷವಾಗುತ್ತಲೇ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಿತ್ತು.

"ಇದನ್ನೇ ಇಟ್ಕೊಳ್ಳಿ," ಎಂದಳು. "ನಿಮ್ಮ ಬಾಯಿ ಮುಚ್ಚಿಸೋರು ಈಗ ಸಿಕ್ಕಿದ್ದಾರೆ."

ಮೂರನೆಯದು ಮೂಲೆಯಲ್ಲಿ ದುಂಡಗೆ ನನ್ನ ಮುಖವನ್ನೂ ತೋರಿಸಿತು.

"ತಪ್ಪು ತೋರಿಸಿ ಅಂದ್ರೆ ಇಷ್ಟು ದೊಡ್ಡದನ್ನ ತೋರಿಸ್ಬೇಕಾ?"

ನಾಲ್ಕನೆಯದು ಸದ್ಗುಣಸಂಪನ್ನ. ಹೇಳಿದ ಕಿಟಕಿಯನ್ನಷ್ಟೇ ಹಿಡಿಯುತ್ತದೆ, ನಿಲ್ಲಿಸಿದ ಕೂಡಲೇ ಲಿಂಕ್ ಕೊಡುತ್ತದೆ, ಅವಳು ನೋಡಿದಳೆಂದು ಚಾಡಿಯನ್ನೂ ಹೇಳುತ್ತದೆ.

ಒಬ್ಬನೇ ಕೂತು ಮಾತಾಡುವಾಗ ನನ್ನ ನಾಲಿಗೆಗೆ ಯಾರದೋ ಸಂಸ್ಕಾರ ಬಂತು. "ಈ ಅಂಚು ಎಷ್ಟು ಚೆನ್ನಾಗಿ ಬಿಟ್ಟಿದ್ದೀಯ," ಎಂದೆ. ಎದುರಿಗೆ ಎಂದೂ ಆಡದ ಮಾತು. ತಪ್ಪು ಕಂಡರೆ ಕೂಗುವ ಬಾಯಿಗೆ ಒಪ್ಪು ಕಂಡರೆ ಮೂಕತನ. ಅದು ನಮ್ಮ ವೃತ್ತಿರೋಗ. ಕೊನೆಯ ಪುಟದಲ್ಲಂತೂ ಬಾಣವನ್ನು ಖಾಲಿ ಜಾಗದಲ್ಲಿ ನಿಲ್ಲಿಸಿ, "ನಿನ್ನ ಪುಟ ಬಿಟ್ಟು ಬೇರೆಯವರದ್ದು ತಿದ್ದೋಕೆ ನನಗೆ ಮನಸ್ಸು ಬರಲ್ಲ ಕಣೆ," ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ಕಿವಿಯೇ ಬೆಚ್ಚಗಾಯಿತು.

ಗೋಡೆಯಾಚೆ ಹಾಡು ಗುನುಗುವುದು ಕೇಳಿಸಿತು. ತಿದ್ದುಪಡಿಗಳು ತುಟಿಪಿಟಕ್ಕೆನ್ನದೆ ಮುಗಿದವು. ಪುಸ್ತಕ ಅಚ್ಚಿಗೆ ಹೋದ ದಿನ ಅವಳೇ ನನ್ನ ಕೋಣೆಗೆ ಬಂದಳು.

"ಮುಂದಿನ ಪುಸ್ತಕಾನೂ ನೀವೇ ತಿದ್ದಿ."

ಗೆದ್ದ ಗತ್ತಿನಲ್ಲಿ ಕೇಳಿದೆ: "ನಿಜ ಹೇಳು, ನನ್ನ ಯಾವ ಮಾತಿಗೆ ಕರಗಿದೆ?"

"ಮಾತಾ? ನಾಲ್ಕನೇದು ಬಂದಾಗಿನಿಂದ ಧ್ವನಿ ಆಫ್ ಮಾಡ್ಕೊಂಡೇ ನೋಡ್ತಿದ್ದೀನಿ ರೀ. ಬಾಣ ನಿಂತಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಲ್ಲ, ಎಷ್ಟು ನೆಮ್ಮದಿ! ಕೊನೇ ಪುಟದಲ್ಲಿ ಮಾತ್ರ ಖಾಲಿ ಜಾಗದಲ್ಲಿ ಅಷ್ಟು ಹೊತ್ತು ನಿಲ್ಲಿಸಿದ್ರಿ. ಜಾಗ ದಂಡ ಆಯ್ತು ಅಂತಿದ್ದೀರೇನೋ ಅಂದ್ಕೊಂಡು, ಅಲ್ಲೊಂದು ಜಾಹೀರಾತು ಹಾಕ್ಬಿಟ್ಟೆ."