ಗಂಟೆ ನಿಂತ ವಾರ್ಡು

ನರ್ಸ್ ರೋನಾ ಲೈಡ್ಲಾ ಡ್ಯೂಟಿಗೆ ಬಂದು ಕೋಟು ಬಿಚ್ಚುವ ಮೊದಲೇ ಫ್ರೇಸರ್ ಅವಳ ವಾರ್ಡಿನ ಗೋಡೆಗೆ ಗ್ರಾಫ್ ಒಂದನ್ನು ಅಂಟಿಸುತ್ತಿದ್ದ. ಡಂಡಿ ಊರಿನ ಆ ಆಸ್ಪತ್ರೆಯಲ್ಲಿ ಅವನು ಗುಣಮಟ್ಟ ಸುಧಾರಣೆಯ ಅಧಿಕಾರಿ. ರೋಗಿ ಗಂಟೆ ಒತ್ತಿದ ಮೇಲೆ ನರ್ಸ್ ಎಷ್ಟು ಹೊತ್ತಿಗೆ ಬರುತ್ತಾಳೆಂದು ಅಳೆಯುವುದೇ ಅವನ ಈಚಿನ ಹುಚ್ಚು. ರೋನಾಳ ವೃದ್ಧರ ವಾರ್ಡಿನ ಗೆರೆ ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕಿತ್ತು.

“ಸಿಸ್ಟರ್, ಸಂಜೆಯೊಳಗೆ ಈ ಗೆರೆ ಇಳೀಬೇಕು.”

“ಇರೋದೇ ಇಬ್ರು ನರ್ಸು. ಹೆಂಗ್ರೀ ಇಳಿಯುತ್ತೆ?”

“ಎಷ್ಟು ನರ್ಸಿದ್ದಾರೆ ಅನ್ನೋದನ್ನ ನಾವು ಅಳೀತಿಲ್ಲ,” ಎಂದ ಫ್ರೇಸರ್.

ರೋನಾಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಪುಕ್ಕಟೆ ಸಲಹೆ ಕೊಡುವವರು ಮುತ್ತಿಕೊಂಡರು.

“ಹೋಗಿ ಗಂಟೆ ಆರಿಸಿ ವಾಪಸ್ ಬಂದ್ಬಿಡೇ, ಹೋದ ಲೆಕ್ಕಾನೇ,” ಎಂದಳು ಜೊತೆಯ ನರ್ಸ್ ಶೋನಾ.

“ಕೊನೇ ಮಂಚದ ಪೀಟ್ರಿ ಅಜ್ಜನ ಗಂಟೆ ಗುಂಡೀನ ದಿಂಬಿನಡಿ ಬಚ್ಚಿಟ್ಬಿಡು. ಅರ್ಧ ಗಲಾಟೆ ಅವಂದೇ,” ಎಂದ ರೋಗಿಗಳ ಮಂಚ ತಳ್ಳುವ ಕೆಲಸಗಾರ ಮರ್ಡೋ.

“ನಿಮ್ ಅಜ್ಜನಿಗೂ ಹಿಂಗೇ ಮಾಡ್ತೀಯೇನೋ?” ಎಂದು ರೋನಾ ಸಿಡಿದಳು.

ಪೀಟ್ರಿ ಅಜ್ಜನ ಗಂಟೆ ಹೊಡೆಯಿತು. ರೋನಾ ಓಡಿದಳು, ತಿಂಡಿಯ ಗಾಡಿಗೆ ಗುದ್ದಿದಳು, ಓಟ್ಸ್ ಗಂಜಿಯೆಲ್ಲ ಫ್ರೇಸರನ ಬೂಟಿನ ಮೇಲೆ. ತಿರುಗಿಯೂ ನೋಡದೆ ಅಜ್ಜನ ಮುಂದೆ ನಿಂತು, “ಈಗೇನು ಬೇಕು?” ಎಂದು ಗದರಿದಳು.

“ನೀರು, ಮಗಳೇ. ಜಗ್ಗು ಕೈಗೆ ಸಿಗಲ್ಲ.”

ಜಗ್ಗು ಮಂಚದಿಂದ ದೂರ, ಕಿಟಕಿಯ ಹತ್ತಿರ ಇತ್ತು. ಅಜ್ಜನ ತುಟಿ ಒಡೆದಿತ್ತು. ರೋನಾಳ ಸಿಟ್ಟು ಅಲ್ಲೇ ದಿಕ್ಕು ಬದಲಿಸಿತು. ಗಂಟೆಯನ್ನು ಅಳೆಯಲು ಇಷ್ಟು ಜನ. ಅಜ್ಜ ಯಾಕೆ ಒತ್ತುತ್ತಾನೆಂದು ಕೇಳಿದವರು ಯಾರೂ ಇಲ್ಲ, ತಾನೂ ಸೇರಿ!

ಅವಳು ಒಂದೊಂದೇ ಮಂಚಕ್ಕೆ ಹೋದಳು. ನೀರು, ಕನ್ನಡಕ, ಚಪ್ಪಲಿ ಎಲ್ಲವನ್ನೂ ಕೈಗೆಟುಕುವಂತೆ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಗಂಟೆಗಳು ನಿಂತವು. ಅಜ್ಜಂದಿರು ಗೊರಕೆ ಹೊಡೆದರು.

ಸಂಜೆ ಫ್ರೇಸರ್ ಓಡಿ ಬಂದ. “ಗಂಟೆಯೇ ಇಲ್ಲ! ಅದ್ಭುತ, ಸಿಸ್ಟರ್!”

ರೋನಾಳಿಗೆ ಮೊದಲ ಬಾರಿ ಅವನು ಮನುಷ್ಯನಂತೆ ಕಂಡ.

“ಅಂದ್ರೆ ಇಲ್ಲಿ ಕೆಲಸ ಇಲ್ಲ. ಶೋನಾಳನ್ನ ಈಗ್ಲೇ ಮೇಲಿನ ವಾರ್ಡಿಗೆ ಕಳಿಸ್ತೀನಿ. ನೀವೊಬ್ರೇ ಸಾಕು.”

ರೋನಾ ವಾರ್ಡಿನ ನಡುವೆ ನಿಂತು ಕಿರುಚಿದಳು: “ಎದ್ದೇಳ್ರಪ್ಪಾ! ಎಲ್ಲಾರೂ ಗಂಟೆ ಒತ್ರಿ!”

ಅಜ್ಜಂದಿರಿಗೆ ಇದಕ್ಕಿಂತ ಖುಷಿ ಬೇಕೆ? ಇಡೀ ವಾರ್ಡಿನ ಗಂಟೆಗಳು ಒಟ್ಟಿಗೆ ಹೊಡೆದುಕೊಂಡವು. ಅಷ್ಟರಲ್ಲಿ ಶೋನಾ ಲಿಫ್ಟು ಹತ್ತಿಯಾಗಿತ್ತು.

ಫ್ರೇಸರನ ಮುಖ ಅರಳಿತು. ಜೇಬಿನಿಂದ ಹೊತ್ತು ಅಳೆಯುವ ಸ್ಟಾಪ್‌ವಾಚ್ ತೆಗೆದು ಅದರ ಗುಂಡಿ ಒತ್ತಿದ.

“ಹ್ಞಾ, ಶುರುವಾಯ್ತು. ಓಡಿ, ಸಿಸ್ಟರ್.”